ಬರ್ನ್ಟ್ ಕಾರ್ನ್ ಕ್ರೀಕ್: 1813ರ ಕಾಳಗದ ಜಾಡಿನಲ್ಲಿ ಎರಡು ದಿನ

ಅಮೆರಿಕದ ಅಲಬಾಮಾ ರಾಜ್ಯದ ಬರ್ನ್ಟ್ ಕಾರ್ನ್ ಊರಿಗೆ ಹೋದರೆ ಕಾಳಗದ ಜಾಗ ಸಿಗುತ್ತದೆ ಅಂದುಕೊಂಡು ಹೊರಡಬೇಡಿ. ಊರಿರುವುದು ಮನ್ರೋ ಮತ್ತು ಕನೆಕಾ ಕೌಂಟಿಗಳ (ನಮ್ಮ ಜಿಲ್ಲೆಗಳಂಥವು) ಗಡಿಯಲ್ಲಿ. 1813ರ ಜುಲೈ 27ರ ಚಕಮಕಿ ನಡೆದದ್ದು ಅದೇ ಹೆಸರಿನ ಹಳ್ಳದ ಗುಂಟ, ದಕ್ಷಿಣಕ್ಕೆ ಎಸ್ಕಾಂಬಿಯಾ ಕೌಂಟಿಯ ಕಡೆ. ನಿಖರ ಸ್ಥಳದ ಬಗ್ಗೆ ತಜ್ಞರಲ್ಲೇ ಒಮ್ಮತವಿಲ್ಲ. ಸುತ್ತ ಬಹುಪಾಲು ಖಾಸಗಿ ಜಮೀನು, ಮರದ ತೋಪು. ಬೇಲಿ ದಾಟಿ ಹಳ್ಳಕ್ಕೆ ಇಳಿಯುವ ಯೋಚನೆ ಬಿಟ್ಟುಬಿಡಿ.

ಹಾಗಾದರೆ ಹೋಗುವುದು ಯಾಕೆ? ಆ ನೆಲ ನೋಡದೆ ಅವತ್ತಿನ ಕಾಳಗ ಅರ್ಥವಾಗುವುದಿಲ್ಲ. ಕ್ರೀಕ್ ಎಂಬ ಮೂಲನಿವಾಸಿ ಜನರಲ್ಲೇ ಒಡಕು ಮೂಡಿದ್ದ ಕಾಲ ಅದು. ಅಮೆರಿಕನ್ನರ ಒತ್ತುವರಿಯನ್ನು ಎದುರಿಸುತ್ತಿದ್ದ ರೆಡ್ ಸ್ಟಿಕ್ ಬಣದವರು ಪೀಟರ್ ಮ್ಯಾಕ್ವೀನ್ ಮುಂದಾಳುತನದಲ್ಲಿ, ಸ್ಪೇನಿನ ಆಳ್ವಿಕೆಯಲ್ಲಿದ್ದ ಪೆನ್ಸಕೋಲಾದಿಂದ ಕುದುರೆಗಳ ಮೇಲೆ ಮದ್ದುಗುಂಡು ಹೇರಿಕೊಂಡು ಮರಳುತ್ತಿದ್ದರು. ಮಧ್ಯಾಹ್ನ ಹಳ್ಳದ ಬಳಿ ಅಡುಗೆಗೆ ನಿಂತಾಗ ಕರ್ನಲ್ ಜೇಮ್ಸ್ ಕಾಲರ್‌ನ ಸುಮಾರು 180 ಮಂದಿಯ ಮಿಲಿಷಿಯಾ (ಅಮೆರಿಕನ್ನರ ಕಡೆಯ ನಾಗರಿಕ ಪಡೆ) ದಿಬ್ಬದ ಮೇಲಿನಿಂದ ಎರಗಿತು. ರೆಡ್ ಸ್ಟಿಕ್‌ಗಳು ಜೌಗಿನ ಕೇನ್ ಮೆಳೆಗೆ ನುಗ್ಗಿದರು. ಈ ಕೇನ್ ಕಬ್ಬಲ್ಲ, ತೆಳ್ಳನೆಯ ಬಿದಿರು. ಮಲೆನಾಡಿನ ವಾಟೆ ಕಂಡವರಿಗೆ ಅದರ ದಟ್ಟಣೆ ಹೇಳಬೇಕಿಲ್ಲ. ಮಿಲಿಷಿಯಾದ ಹಲವರು ಬೆನ್ನಟ್ಟುವುದು ಬಿಟ್ಟು ಹೇರುಕುದುರೆಗಳನ್ನು ಎಳೆದುಕೊಳ್ಳತೊಡಗಿದರು. ದಿಬ್ಬಕ್ಕೆ ಹಿಂದೆ ಸರಿದು ನಿಲ್ಲಿ ಎಂದು ಕಾಲರ್ ಆಜ್ಞೆ ಕೊಟ್ಟರೆ, ಅದು ಸೋಲಿನ ಓಟವೆಂದು ತಿಳಿದು ಚದುರಿದರು. ಮೆಳೆಯಿಂದ ಹೊರಬಿದ್ದ ರೆಡ್ ಸ್ಟಿಕ್‌ಗಳು ಅವರನ್ನು ಅಟ್ಟಿಬಿಟ್ಟರು. ಸ್ವತಃ ಕಾಲರ್ ದಾರಿ ತಪ್ಪಿ ಎಷ್ಟೋ ದಿನ ಕಾಡಿನಲ್ಲಿ ಅಲೆದ. ದಿಬ್ಬ, ಜೌಗು, ಮೆಳೆ: ರಸ್ತೆಬದಿಯಲ್ಲಿ ನಿಂತೇ ಈ ಮೂರೂ ಇರುವ ಬಗೆಯ ನೆಲ ನೋಡಬಹುದು.

ಅಟ್ಲಾಂಟಾದ ಕನ್ನಡಿಗರಿಗೆ ಇದು ವಾರಾಂತ್ಯದ ಪ್ರಯಾಣ. ಬೆಳಗ್ಗೆ ಬೇಗ ಹೊರಟು ಮಾಂಟ್‌ಗೋಮರಿ ದಾಟಿ ಐ-65 ಹೆದ್ದಾರಿಯಲ್ಲಿ ಎವರ್‌ಗ್ರೀನ್‌ವರೆಗೆ ಬನ್ನಿ; ನಾಲ್ಕು ಗಂಟೆ ಹಿಡಿಯುತ್ತದೆ. ಟ್ಯಾಂಕು ಅಲ್ಲೇ ತುಂಬಿಸಿ, ನಕ್ಷೆ ಡೌನ್‌ಲೋಡ್ ಮಾಡಿಕೊಳ್ಳಿ. ಒಳಗಿನ ಕೌಂಟಿ ರಸ್ತೆಗಳಲ್ಲಿ ಸಿಗ್ನಲ್ ನಂಬುವಂತಿಲ್ಲ, ಬರ್ನ್ಟ್ ಕಾರ್ನ್‌ನಲ್ಲಿರುವುದು ಹಳೆಯ ಮನೆಗಳು, ಪಾಳುಬಿದ್ದ ಅಂಗಡಿಗಳು ಅಷ್ಟೇ. ಊರೊಳಗೆ ಹಾಯುವ ದಾರಿಯೇ ಹಳೆಯ ಫೆಡರಲ್ ರೋಡ್, ಕ್ರೀಕ್ ನಾಡಿನ ನಡುವೆ ಅಮೆರಿಕ ಸರ್ಕಾರ ಹಾಕಿಸಿದ್ದ ರಸ್ತೆ. ಮಳೆ ಬಂದರೆ ಕೆಂಪು ಜೇಡಿಮಣ್ಣಿನ ಕವಲುಗಳಿಗೆ ಕಾರು ಇಳಿಸಬೇಡಿ. ಚಕ್ರ ಜಾರಿ ಚರಂಡಿಗೆ ಬೀಳುತ್ತದೆ.

ರಾತ್ರಿ ಆಟ್ಮೋರ್‌ನಲ್ಲಿ ಉಳಿಯಿರಿ (ಐ-65ರ ಎಕ್ಸಿಟ್ 57). ಪೋರ್ಚ್ ಕ್ರೀಕ್ ಸಮುದಾಯದ ನೆಲೆ ಅಲ್ಲೇ, ಅವರದೇ ವಸ್ತುಸಂಗ್ರಹಾಲಯವಿದೆ. ಅದನ್ನು ಬಿಟ್ಟರೆ ಕಥೆಯನ್ನು ಮಿಲಿಷಿಯಾದ ಬಾಯಲ್ಲಷ್ಟೇ ಕೇಳಿದ ಹಾಗಾಗುತ್ತದೆ. ವಾರಾಂತ್ಯದಲ್ಲಿ ತೆರೆದಿರುತ್ತದೆಯೇ ಎಂದು ಮೊದಲೇ ವಿಚಾರಿಸಿ. ಸಸ್ಯಾಹಾರಿಗಳು ಅವಲಕ್ಕಿ, ಚಪಾತಿ ಕಟ್ಟಿಕೊಂಡು ಬರುವುದು ಒಳ್ಳೆಯದು.

ಮರುದಿನ ಬೆಳಗ್ಗೆಯೇ ಫೋರ್ಟ್ ಮಿಮ್ಸ್, ವಲಸಿಗರು ಮತ್ತು ಅವರ ಕಡೆಯ ಕ್ರೀಕ್ ಕುಟುಂಬಗಳು ಆಶ್ರಯ ಪಡೆದಿದ್ದ ಮರದ ಕೋಟೆ. ಟೆನ್ಸಾ ಬಳಿ ಅಲಬಾಮಾ 59 ರಸ್ತೆಯಿಂದ ಕೌಂಟಿ ರೋಡ್ 80ಕ್ಕೆ ತಿರುಗಬೇಕು. ಬರ್ನ್ಟ್ ಕಾರ್ನ್‌ನ ದಾಳಿಗೆ ರೆಡ್ ಸ್ಟಿಕ್‌ಗಳ ಪ್ರತೀಕಾರ ಇಲ್ಲಿ, 1813ರ ಆಗಸ್ಟ್ 30ರಂದು. ಮಧ್ಯಾಹ್ನ ಊಟದ ನಗಾರಿ ಬಡಿದ ಹೊತ್ತಿಗೆ ಸುಮಾರು 700 ಯೋಧರು ನುಗ್ಗಿದರು. ಬಾಗಿಲ ಬುಡದಲ್ಲಿ ಮರಳು ಕಟ್ಟಿಕೊಂಡಿತ್ತು, ಮುಚ್ಚಲು ಹೋದರೆ ಮುಚ್ಚಲಿಲ್ಲ. ಬರ್ನ್ಟ್ ಕಾರ್ನ್‌ನಲ್ಲಿ ಮಿಲಿಷಿಯಾ ಜೊತೆಗಿದ್ದ ಕ್ರೀಕ್ ಮೂಲದ ನಾಯಕ ಡಿಕ್ಸನ್ ಬೈಲಿ ಸತ್ತದ್ದು ಈ ದಾಳಿಯಲ್ಲೇ. ಮರುನಿರ್ಮಿಸಿದ ಮರದ ಗೋಡೆಯ ಒಳಗೆ ನಿಂತು ನೋಡಿ: ಅಷ್ಟು ಜನ ತುಂಬಿದ್ದ ಕೋಟೆ ಎಷ್ಟು ಕಿರಿದು ಎಂದು ಎದೆ ಝಲ್ಲೆನ್ನುತ್ತದೆ.

ಬೇಸಿಗೆ ಬೇಡ, ಸೆಕೆ, ಉಣ್ಣೆಹುಳು, ಸೊಳ್ಳೆ, ಬೆಂಕಿ ಇರುವೆ ಎಲ್ಲವೂ ಕಾಡುತ್ತವೆ. ನವೆಂಬರ್ ಕೊನೆಯ ಹೊತ್ತಿಗೆ ಬಂದೂಕಿನ ಜಿಂಕೆ ಬೇಟೆಯ ಕಾಲ, ಕಾಡಂಚಿನಲ್ಲಿ ನಡೆಯುವುದಾದರೆ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಅಂಗಿ ಇರಲಿ. ಮಾರ್ಚ್ ಹಿತ.

ವಾಪಸಾಗುವಾಗ ಹಾರ್ಸ್‌ಶೂ ಬೆಂಡ್ ರಾಷ್ಟ್ರೀಯ ಮಿಲಿಟರಿ ಉದ್ಯಾನ. 1814ರ ಮಾರ್ಚ್ 27ರಂದು, ಮುಂದೆ ಅಮೆರಿಕದ ಅಧ್ಯಕ್ಷನಾದ ಆಂಡ್ರ್ಯೂ ಜಾಕ್ಸನ್‌ನ ಸೈನ್ಯ 800ಕ್ಕೂ ಹೆಚ್ಚು ರೆಡ್ ಸ್ಟಿಕ್‌ಗಳನ್ನು ಕೊಂದದ್ದು ಇಲ್ಲಿ. ಪ್ರವೇಶ ಉಚಿತ, ಕಾರಿನಲ್ಲೇ ಸುತ್ತಲು 3 ಮೈಲಿ ರಸ್ತೆ. ಡ್ರೋನ್, ಲೋಹಶೋಧಕ ಎರಡೂ ನಿಷಿದ್ಧ. ಸಂಜೆ ಗೇಟು ಹಾಕುತ್ತಾರೆ, ಹಾಗಾಗಿ ಫೋರ್ಟ್ ಮಿಮ್ಸ್ ಅನ್ನು ಹತ್ತು ಗಂಟೆಗೆಲ್ಲ ಬಿಡಿ. ನಡುವಿನ ದಾರಿ ಸುಮಾರು ನಾಲ್ಕು ಗಂಟೆ. ಅಲಬಾಮಾ ಗಡಿಯಾರ ಅಟ್ಲಾಂಟಾಕ್ಕಿಂತ ಒಂದು ಗಂಟೆ ಹಿಂದೆ. ಬರುವಾಗ ಉಳಿದ ಆ ಗಂಟೆ ಹಿಂತಿರುಗುವಾಗ ಕೈತಪ್ಪುತ್ತದೆ, ಸೋಮವಾರ ಕೆಲಸವಿರುವವರು ಲೆಕ್ಕಕ್ಕೆ ತಗೊಳ್ಳಿ.