ಅಮ್ಮ ನೀರು ಕುಡಿಯದ ದಿನ

ಅಮ್ಮನ ಬಲಗಾಲಿನ ಮಂಡಿ ಬದಲಿಸಿ ಮೂರು ತಿಂಗಳಾಗಿತ್ತು. ಒಂದು ಶನಿವಾರ ಆಸ್ಪತ್ರೆಯವರು ನಮ್ಮಂಥ ಏಳೆಂಟು ಮನೆಯವರನ್ನು ಕರೆದರು. "ನಿಮಗೇನು ಕಷ್ಟ ಆಯ್ತು ಹೇಳಿ, ಮುಂದೆ ಬರೋರಿಗಾದ್ರೂ ಸರಿ ಮಾಡೋಣ" ಅಂದರು. "ಡಾಕ್ಟರಿಗೆ ನಾನೇನು ಹೇಳ್ಲಿ?" ಅಂತ ಅಮ್ಮ ಹಿಂದೇಟು ಹಾಕಿದರು. ನಾನೇ ಒತ್ತಾಯ ಮಾಡಿ ಕರೆದುಕೊಂಡು ಹೋದೆ.

ಫಿಸಿಯೋಥೆರಪಿ ಹುಡುಗಿ ಮೊದಲು ಒಂದು ಫಾರಂ ಓದಿ ಹೇಳಿದಳು. ಆಕ್ಸ್‌ಫರ್ಡ್ ನೀ ಸ್ಕೋರ್ ಅಂತ ಅದರ ಹೆಸರು. 12 ಪ್ರಶ್ನೆ, 48 ಅಂಕ. ಅಂಕ ಜಾಸ್ತಿ ಬಂದಷ್ಟೂ ಮಂಡಿ ಚೆನ್ನಾಗಿದೆ ಅಂತ ಲೆಕ್ಕ. 1998ರಲ್ಲಿ ಇಂಗ್ಲೆಂಡಿನಲ್ಲಿ ರೋಗಿಗಳನ್ನೇ ಮಾತಾಡಿಸಿ ಮಾಡಿದ್ದು. ರಾತ್ರಿ ನೋವು, ಮೆಟ್ಟಿಲು ಇಳಿಯೋದು, ಒಬ್ಬರೇ ಅಂಗಡಿಗೆ ಹೋಗೋದು, ಎಲ್ಲ ಅದರಲ್ಲಿದೆ. ನಿಜಕ್ಕೂ ಒಳ್ಳೆಯ ಫಾರಂ.

"ಮಂಡಿಯೂರಿ ಮತ್ತೆ ಏಳೋಕಾಗುತ್ತಾ ಅಮ್ಮಾ?"

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅದಿರಲಿ ಕಣಮ್ಮ. ಕುಕ್ಕರಗಾಲಲ್ಲಿ ಕೂರೋದನ್ನ ಯಾಕೆ ಕೇಳಿಲ್ಲ? ನಮ್ಮನೇಲಿರೋದು ಇಂಡಿಯನ್ ಟಾಯ್ಲೆಟ್. ಅದನ್ನ ಬಳಸಬಾರದು ಅಂತ ಗೊತ್ತಾಗಿದ್ದೇ ಡಿಸ್ಚಾರ್ಜ್ ದಿನ. ಕಮೋಡ್ ಚೇರ್ ಬರೋವರೆಗೂ ನಾನು ನೀರೇ ಕುಡೀಲಿಲ್ಲ."

ನನಗೆ ಎದೆ ಧಸಕ್ಕೆಂದಿತು. ಮೆಡಿಕಲ್ ಶಾಪ್‌ಗಳನ್ನೆಲ್ಲ ಸುತ್ತಿ ನಾನು ಚೇರ್ ತರುವಷ್ಟರಲ್ಲಿ ಮಾರನೇ ದಿನ ಮಧ್ಯಾಹ್ನವಾಗಿತ್ತು. ಮಂಚದ ಪಕ್ಕ ಇಟ್ಟಿದ್ದ ಸ್ಟೀಲ್ ಚೆಂಬು ತುಂಬಿದ ಹಾಗೇ ಇತ್ತು. ನೋಡಿದ್ದೆ, ಆದರೆ ಹೊಳೆದಿರಲಿಲ್ಲ. ಈ ಆಪರೇಷನ್ ಆದಮೇಲೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಇರುತ್ತೆ. ಮೈಯಲ್ಲಿ ನೀರು ಕಡಿಮೆಯಾದರೆ ಆ ಭಯ ಇನ್ನೂ ಜಾಸ್ತಿ. ಅದಾಗದಿರಲಿ ಅಂತ ಹೊತ್ತುಹೊತ್ತಿಗೆ ಮಾತ್ರೆ ಕೊಡುತ್ತಿದ್ದವಳು ನಾನೇ.

ಡಾಕ್ಟರ್ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟು, ಕುರ್ಚಿ ಎಳೆದುಕೊಂಡು ಅಮ್ಮನ ಎದುರು ಬಂದು ಕೂತರು. "ಇನ್ನೇನು ಕಷ್ಟ ಆಯ್ತು ಹೇಳಿ ಅಮ್ಮಾ" ಅಂದರು. ಆಮೇಲೆ ಎಲ್ಲರ ಬಾಯೂ ಬಿಚ್ಚಿತು. ವ್ಯಾಯಾಮದ ಹಾಳೆ ಇಂಗ್ಲಿಷಿನಲ್ಲಿತ್ತು ಅಂತ ಒಬ್ಬರು. ಆಟೋ ಹತ್ತೋದು ಹೇಗೆ ಅಂತ ಯಾರೂ ಹೇಳಿಕೊಡಲಿಲ್ಲ ಅಂತ ಇನ್ನೊಬ್ಬರು.

ಈಗ ಅಲ್ಲಿ ಅಡ್ಮಿಟ್ ಆಗುವ ಮೊದಲೇ ಮನೆಯ ಟಾಯ್ಲೆಟ್ ಯಾವ ಥರದ್ದು ಅಂತ ಕೇಳಿ ಬರೆದುಕೊಳ್ಳುತ್ತಾರೆ. ಹಾಳೆಯೂ ಕನ್ನಡದಲ್ಲಿದೆ.

ಹೋದ ವಾರ ಚೆಕಪ್ ಮುಗಿಸಿ ಹೊರಗೆ ಬಂದೆವು. ವಾಕರ್ ಹಿಡಿದ ಹೆಂಗಸೊಬ್ಬರು ಗೇಟಿನ ಹತ್ತಿರ ಆಟೋ ಮುಂದೆ ನಿಂತು ತಡಬಡಾಯಿಸುತ್ತಿದ್ದರು. ಅಮ್ಮ ನನ್ನ ಕೈ ಬಿಟ್ಟು ಅತ್ತ ಹೋದರು.

"ಆಟೋಗೆ ಬೆನ್ನು ಕೊಟ್ಟು ನಿಂತ್ಕೊಳ್ಳಿ. ಮೊದಲು ಕೂತ್ಕೊಳ್ಳಿ. ಹಾಂ, ಈಗ ಕಾಲು."