ಗರಡಿಗೆ ಇಳಿದು ಹದಿನಾಲ್ಕು ವಾರ

ಆಯ್ಕೆಗೆ ಹೋದ ಒಂದು ತಿಂಗಳು

ನನಗೀಗ 36. ಏಪ್ರಿಲ್‌ನಲ್ಲಿ ತೂಕ 91 ಕೆ.ಜಿ. ಇತ್ತು. ಜಿಮ್‌ಗೆ ಎರಡು ಸಲ ಸೇರಿ ಎರಡು ಸಲವೂ ಬಿಟ್ಟಿದ್ದೆ. ಯಂತ್ರದ ಮುಂದೆ ಒಬ್ಬನೇ ಎಣಿಸುತ್ತಾ ನಿಲ್ಲುವುದು ನನಗೆ ಆಗಿಬರಲಿಲ್ಲ. ಎದುರಿಗೆ ಒಬ್ಬ ಮನುಷ್ಯ ಬೇಕಿತ್ತು. ಮೈಯೆಲ್ಲಾ ದಣಿಯುವಂಥ ಒಂದು ಯುದ್ಧಕಲೆ ಕಲಿಯೋಣ ಎಂದು ಮೈಸೂರಿನಲ್ಲೇ ಹುಡುಕಲು ಹೊರಟೆ.

ಮೊದಲು ಹೋಗಿದ್ದು ಮುಯ್ ಥಾಯ್ ಕ್ಲಾಸಿಗೆ. ಮುಷ್ಟಿ, ಮೊಣಕೈ, ಮೊಣಕಾಲು, ಒದೆತ ಎಲ್ಲಾ ಇರುವ ಥಾಯ್ಲೆಂಡಿನ ಕಲೆ. ಐದೇ ನಿಮಿಷಕ್ಕೆ ಏದುಸಿರು ಬಂತು. ಆದರೆ ದಿನಾ ಪೂರ್ತಿ ಬಲ ಹಾಕಿ ಹೊಡೆದಾಡಲು ಆಗುವುದಿಲ್ಲ, ತಲೆ ಕೇಳಬೇಕಲ್ಲ! ಹಾಗಾಗಿ ಹೆಚ್ಚಿನ ಹೊತ್ತು ಚೀಲಕ್ಕೆ, ಪ್ಯಾಡಿಗೆ ಹೊಡೆಯುವುದೇ ಇತ್ತು.

ಆಮೇಲೆ ಕಳರಿಪಯಟ್ಟು. ತುಂಬಾ ಚೆಂದದ ಕಲೆ. ಮೈ ಬಿಲ್ಲಿನ ಹಾಗೆ ಬಾಗಬೇಕು. ಅಲ್ಲಿ ಮೊದಲು ಮೈ ಪಳಗಿಸುವ ಮೈತ್ತಾರಿ, ನಂತರ ಕೋಲು, ನಂತರ ಕತ್ತಿ ಗುರಾಣಿ, ಕೊನೆಗೆ ಬರಿಗೈ. ಎದುರಾಳಿಯ ಮೈಗೆ ಕೈ ಹಾಕಲು ನಾನು ವರ್ಷಗಟ್ಟಲೆ ಕಾಯಬೇಕಿತ್ತು.

ಕಣ್ಣು ತೆರೆಸಿದ್ದು ಜೂಡೊ. ಜಿಗೊರೊ ಕಾನೊ 1882ರಲ್ಲಿ ಟೋಕಿಯೊದಲ್ಲಿ ಇದನ್ನು ಶುರು ಮಾಡಿದಾಗ, ಹಳೆಯ ಜುಜುತ್ಸುವಿನ ಅಪಾಯದ ಪಟ್ಟುಗಳನ್ನು ಎದುರಾಳಿಯ ಜೊತೆ ಮುಕ್ತವಾಗಿ ಸೆಣಸುವ ಅಭ್ಯಾಸದಿಂದ ತೆಗೆದುಹಾಕಿದರು. ಉಳಿದ ಪಟ್ಟುಗಳನ್ನು ಪೂರ್ತಿ ಬಲದಿಂದ, ಬೀಳಲು ಒಪ್ಪದ ಮನುಷ್ಯನ ಮೇಲೆ, ದಿನಾ ಹಾಕಬಹುದು. ನನಗೆ ಬೇಕಿದ್ದದ್ದು ಇದೇ ಎಂದು ಅಲ್ಲಿ ಗೊತ್ತಾಯಿತು. ಆದರೆ ಕ್ಲಾಸ್ ಇದ್ದದ್ದು ವಾರಕ್ಕೆ ಮೂರು ಸಂಜೆ. ನನ್ನ ಆಫೀಸು ಬಿಡುವುದು ಏಳೂವರೆಗೆ.

ಹಾಗೆ ಯೋಚಿಸುತ್ತಿದ್ದಾಗ ಗರಡಿ ಮನೆ ನೆನಪಾಯಿತು. ಮನೆಯಿಂದ ಹತ್ತು ನಿಮಿಷದ ನಡಿಗೆ. ಚಿಕ್ಕಂದಿನಿಂದ ಅದರ ಮುಂದೆಯೇ ಓಡಾಡಿದ್ದೇನೆ, ಒಳಗೆ ಹೋಗಿರಲಿಲ್ಲ.

ವಾರ 1

ಬಾಗಿಲು ಗಿಡ್ಡ, ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಆಂಜನೇಯನ ಪಟ, ಗೋಡೆಗೆ ಒರಗಿಸಿದ ಗದೆಗಳು, ನಡುವೆ ಕುಸ್ತಿ ಆಡುವ ಕೆಂಪು ಮಣ್ಣಿನ ಅಂಕಣ, ಅಂದರೆ ಮಟ್ಟಿ.

"ವಯಸ್ಸೆಷ್ಟಪ್ಪಾ?" ಎಂದರು ಕುಸ್ತಿ ಕಲಿಸುವ ಉಸ್ತಾದರು.

"ಮೂವತ್ತಾರು, ಉಸ್ತಾದರೇ."

"ಮದುವೆ ಆಗಿದೆಯಾ?"

"ಆಗಿದೆ."

"ಹಾಗಾದ್ರೆ ಮನೇಲಿ ಹೇಳಿ ಬಾ. ಬೆಳಿಗ್ಗೆ ಐದೂವರೆಗೆ ಇಲ್ಲಿರಬೇಕು."

ಮಾರನೇ ದಿನ ಕೈಗೆ ಗುದ್ದಲಿ ಕೊಟ್ಟರು. ಇಡೀ ವಾರ ಮಣ್ಣು ಅಗೆಯುವುದೇ ಕೆಲಸ. ಜರಡಿ ಹಿಡಿದ ಕೆಮ್ಮಣ್ಣಿಗೆ ಎಣ್ಣೆ, ಅರಿಶಿನ, ಬೇವು, ಕರ್ಪೂರ ಎಲ್ಲಾ ಸೇರಿಸಿರುತ್ತಾರೆ. ತುಳಿದು ತುಳಿದು ಅದು ಗಟ್ಟಿಯಾಗುತ್ತದೆ. ದಿನಾ ಅಗೆದು ಸಡಿಲ ಮಾಡದಿದ್ದರೆ ಬಿದ್ದವನ ಬೆನ್ನಿಗೆ ಪೆಟ್ಟು. ಕಾಲು ಗಂಟೆ ಅಗೆದರೆ ಸೊಂಟ, ಭುಜ, ಅಂಗೈ ಎಲ್ಲಾ ಉರಿಯುತ್ತದೆ. ಅಂಗೈ ಬೊಬ್ಬೆ ಒಡೆದು ಗಟ್ಟಿಯಾಗಲು ಮೂರು ವಾರ ಬೇಕಾಯಿತು. ಆ ಹಿಡಿತದ ಬೆಲೆ ನನಗೆ ಆಮೇಲೆ ಗೊತ್ತಾಯಿತು.

ಮೊದಲ ದಿನದ ಲೆಕ್ಕ: ದಂಡ 12, ಬಸ್ಕಿ 25.

ವಾರ 2 ರಿಂದ 6

ದಂಡ ಅಂದರೆ ಬರೀ ಪುಶ್ ಅಪ್ ಅಲ್ಲ. ಸೊಂಟ ಮೇಲೆ ಎತ್ತಿ, ಎದೆಯನ್ನು ನೆಲಕ್ಕೆ ಸವರಿಕೊಂಡು ಮುಂದೆ ತಂದು, ಹಾವಿನ ಹಾಗೆ ಹೆಡೆ ಎತ್ತಿ, ಮತ್ತೆ ಹಿಂದಕ್ಕೆ ಹೋಗಬೇಕು. ಭುಜದ ಜೊತೆ ಬೆನ್ನೂ ದುಡಿಯುತ್ತದೆ. ಬಸ್ಕಿಯಲ್ಲಿ ಕೂರುವಾಗ ಹಿಮ್ಮಡಿ ಮೇಲೆದ್ದು ಮಂಡಿ ಮುಂದೆ ಹೋಗುತ್ತದೆ. ತೂಕ ಇರುವವರು ಇಲ್ಲಿ ಹುಷಾರಾಗಿರಬೇಕು. ಐದನೇ ವಾರ ನಾನು ಉತ್ಸಾಹದಲ್ಲಿ 80 ಬಸ್ಕಿಯಿಂದ ಒಮ್ಮೆಗೇ 200ಕ್ಕೆ ಹೋದೆ. ಬಲಮಂಡಿ ಊದಿತು. ಒಂಬತ್ತು ದಿನ ಸುಮ್ನೆ ಮಟ್ಟಿಯ ಪಕ್ಕ ಕೂತು ನೋಡಿದೆ. "ವಾರಕ್ಕೆ ಹತ್ತು ಜಾಸ್ತಿ ಮಾಡು, ಸಾಕು" ಎಂದರು ಉಸ್ತಾದರು. ಈಗ ಹಾಗೇ ಮಾಡುತ್ತಿದ್ದೇನೆ.

ವಾರ 7

ಮೊದಲ ಸಲ ಜೋಡಿ ಹಿಡಿದೆ, ಅಂದರೆ ಎದುರಾಳಿಯ ಜೊತೆ ಕುಸ್ತಿಗೆ ಇಳಿದೆ. ಎದುರಿಗೆ 17 ವರ್ಷದ ಹುಡುಗ, 68 ಕೆ.ಜಿ. "ಬನ್ನಿ ಅಣ್ಣಾ" ಎಂದು ಮಣ್ಣು ತೆಗೆದು ನನ್ನ ಭುಜಕ್ಕೆ ಹಚ್ಚಿದ, ನಾನೂ ಅವನಿಗೆ ಹಚ್ಚಿದೆ. ಬೆವರಿದ ಮೈ ಜಾರುತ್ತದೆ, ಮಣ್ಣಿದ್ದರೆ ಹಿಡಿತ ಸಿಗುತ್ತದೆ. ಜೂಡೊದ ಹಾಗೆ ಹಿಡಿದೆಳೆಯಲು ಇಲ್ಲಿ ಅಂಗಿ ಇಲ್ಲವಲ್ಲ.

ಅವನು ನನ್ನ ಕುತ್ತಿಗೆಯ ಹಿಂದೆ ಕೈ ಹಾಕಿ ತಲೆಯನ್ನು ಕೆಳಗೆ ಒತ್ತಿದ. ಬಿಡಿಸಿಕೊಳ್ಳಲು ತಲೆ ಎತ್ತಿದೆ. ನನ್ನ ತೂಕ ಹಿಮ್ಮಡಿಗೆ ಹೋಯಿತು. ಅದೇ ಕ್ಷಣಕ್ಕೆ ಅವನು ಒಳಗೆ ನುಗ್ಗಿ ಕಾಲು ಎತ್ತಿದ. ಚಿತ್, ಬೆನ್ನು ಮಣ್ಣಿಗೆ. ಹತ್ತು ನಿಮಿಷದಲ್ಲಿ ಆರು ಸಲ. ನನ್ನ 20 ಕೆ.ಜಿ. ಹೆಚ್ಚುವರಿ ತೂಕ ಒಂದು ಸಲವೂ ಉಪಯೋಗಕ್ಕೆ ಬರಲಿಲ್ಲ. ಎರಡು ದಿನ ಕುತ್ತಿಗೆ ತಿರುಗಿಸಲು ಆಗಲಿಲ್ಲ, ಆದರೂ ಅಷ್ಟು ಖುಷಿ ನನಗೆ ಎಷ್ಟೋ ವರ್ಷದಿಂದ ಆಗಿರಲಿಲ್ಲ.

ವಾರ 9

ತೋಳಿನ ಮೇಲೆ ಹುಳುಕಡ್ಡಿ. ಮೈಗೆ ಮೈ ತಾಗುವ ಯಾವ ಆಟದಲ್ಲೂ ಇದು ಬರುತ್ತದೆ. ಡಾಕ್ಟರು ಮುಲಾಮು ಕೊಟ್ಟರು. ವಾಸಿಯಾಗುವವರೆಗೆ ಜೋಡಿ ಬಿಟ್ಟು ದಂಡ, ಬಸ್ಕಿಯ ಸಾಮು ಮಾತ್ರ. ಸಾಧನೆ ಮುಗಿದ ತಕ್ಷಣ ಸ್ನಾನ, ಲಂಗೋಟಿ ದಿನಾ ಒಗೆಯುವುದು. ಹೊಸದಾಗಿ ಸೇರುವವರು ಇದನ್ನು ಖಂಡಿತ ಪಾಲಿಸಬೇಕು.

ವಾರ 11

ಆಫೀಸಿನಲ್ಲಿ ಒಬ್ಬರು ಕೇಳಿದರು, ವಜ್ರಮುಷ್ಟಿ ಕಲಿಸುತ್ತಾರಾ ಅಂತ. ಅದು ಬೇರೆಯೇ, ಬೆರಳಿಗೆ ಮೊನೆಯ ಆಯುಧ ಹಾಕಿಕೊಂಡು ಕಾದಾಡುವುದು. ವಿಜಯದಶಮಿಯ ದಿನ ಅರಮನೆಯಲ್ಲಿ ನಡೆಯುವ ಆ ಕಾಳಗ ಜಟ್ಟಿ ಮನೆತನಗಳಲ್ಲಿ ಉಳಿದುಕೊಂಡು ಬಂದದ್ದು, ಮೊದಲ ರಕ್ತ ಕಂಡ ಕೂಡಲೇ ನಿಲ್ಲಿಸುತ್ತಾರೆ. ನಮ್ಮದು ನಾಡಕುಸ್ತಿ. ಇಲ್ಲಿ ಬೆನ್ನು ಮಣ್ಣಿಗೆ ತಾಗಬೇಕು, ಅಷ್ಟೇ. ದಸರಾದಲ್ಲಿ ಮ್ಯಾಟ್ ಮೇಲೆ ಪಾಯಿಂಟ್ ಕುಸ್ತಿಯೂ ಇರುತ್ತದೆ, ಅದು ಮೂರು ಮೂರು ನಿಮಿಷದ ಎರಡು ಸುತ್ತಿನ ಒಲಿಂಪಿಕ್ ಆಟ.

ಅಕ್ಕನ ಮಗಳು ನನ್ನನ್ನು ನೋಡಿ ತಾನೂ ಬರುತ್ತೇನೆ ಎಂದಳು. ಹೆಣ್ಣುಮಕ್ಕಳನ್ನು ಮಟ್ಟಿಗೆ ಇಳಿಸದ ಗರಡಿಗಳು ಇನ್ನೂ ಇವೆ. ಇದು ಸರಿಯಲ್ಲ ಎಂದೇ ನನ್ನ ಮಾತು. ಅದೇ ದಸರಾದಲ್ಲಿ ಹೆಣ್ಣುಮಕ್ಕಳಿಗೆ ದಸರಾ ಕಿಶೋರಿ ಬಿರುದು ಇದೆ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಸಾಕ್ಷಿ ಮಲಿಕ್ ಕಂಚು ಗೆದ್ದು ತಂದರು. ಸದ್ಯಕ್ಕೆ ಅವಳಿಗೆ ಮ್ಯಾಟ್ ತರಬೇತಿ ಹುಡುಕುತ್ತಿದ್ದೇನೆ. ಉಸ್ತಾದರ ಹತ್ತಿರವೂ ಮಾತಾಡಿದೆ. "ನೋಡೋಣ" ಎಂದಿದ್ದಾರೆ. ಮತ್ತೆ ಕೇಳುತ್ತೇನೆ.

ವಾರ 14

ತೂಕ 84. ದಂಡ 70, ಬಸ್ಕಿ 150, ಎರಡನ್ನೂ ನಡುನಡುವೆ ನಿಲ್ಲಿಸಿ ಹೊಡೆಯುತ್ತೇನೆ. ಊಟ ಹೆಚ್ಚೇನೂ ಬದಲಾಗಿಲ್ಲ. ಪೈಲ್ವಾನರ ಬಾದಾಮಿ, ತುಪ್ಪ, ಹಾಲಿನ ಖುರಾಕು ದಿನಾ ಎರಡು ಹೊತ್ತು ಸಾಧನೆ ಮಾಡುವವರಿಗೆ. ದಿನವೆಲ್ಲಾ ಕುರ್ಚಿಯಲ್ಲಿ ಕೂರುವ ನನಗೆ ಮುದ್ದೆ, ಸೊಪ್ಪಿನ ಸಾರು, ಎರಡು ಮೊಟ್ಟೆ ಸಾಕು.

ನಿನ್ನೆ ಅದೇ ಹುಡುಗನ ಜೊತೆ ಜೋಡಿ. ಕುತ್ತಿಗೆ ಒತ್ತಿದಾಗ ಈ ಸಲ ತಲೆ ಎತ್ತಲಿಲ್ಲ. ಅವನ ಮೊಣಕೈಯನ್ನು ಕೆಳಗಿನಿಂದ ತಳ್ಳಿ ಪಕ್ಕಕ್ಕೆ ಸರಿದೆ. ಎರಡು ಸಲ ಕಾಲು ಹಿಡಿದ, ಎರಡು ಸಲವೂ ಬಿಡಿಸಿಕೊಂಡೆ. ನಾಲ್ಕು ನಿಮಿಷ ನಿಂತೆ. ಆಮೇಲೆ ಸೊಂಟ ಕೊಟ್ಟು ಎತ್ತಿ ಹಾಕಿದ. ಎದ್ದಾಗ ಉಸ್ತಾದರು ಏನೂ ಹೇಳಲಿಲ್ಲ, ಇನ್ನೊಮ್ಮೆ ಹಿಡಿಯಿರಿ ಎಂದು ಕೈ ತೋರಿಸಿದರು.

ಈ ದಸರಾ ಕುಸ್ತಿಗೆ ಯಾರಿಗೆ ಯಾರು ಎದುರಾಳಿ ಎಂದು ಜೋಡಿ ಕಟ್ಟುವ ದಿನ ಅವನು ಹೆಸರು ಕೊಡುತ್ತಾನೆ. ಅಲ್ಲಿಯವರೆಗೆ ವಾರಕ್ಕೆ ಎರಡು ದಿನ ಅವನಿಗೆ ಎದುರು ನಿಲ್ಲುವ ಭಾರ ನನ್ನದು, ಅವನ ತೂಕದವರಿಗಿಂತ ಭಾರದವರು ಅಭ್ಯಾಸಕ್ಕೆ ಬೇಕಂತೆ. ನಾಳೆ ಸೋಮವಾರ. ಮಣ್ಣು ಅಗೆಯುವ ಸರದಿಯೂ ನನ್ನದೇ, ಅಲಾರಂ ನಾಲ್ಕೂ ಮುಕ್ಕಾಲಿಗೆ ಇಟ್ಟಿದ್ದೇನೆ.