ಗೋಡೆ ಬುಡದ ಮೊಗೆಬಳ್ಳಿ

ಕಾರವಾರ, ಅಂಕೋಲಾ ಕಡೆಯ ಹಳೇ ಮನೆಗಳ ಪಂಚಾಂಗಕ್ಕೆ (ಅಡಿಪಾಯಕ್ಕೆ) ಒರಲೆ ಹತ್ತದಿರಲೆಂದು ಹಿಂದೆ ಆಲ್ಡ್ರಿನ್ ಎಂಬ ಕೀಟನಾಶಕ ಸುರಿದಿದ್ದರೆ, ಅದು ಮಣ್ಣಿನಲ್ಲಿ ಡೀಲ್ಡ್ರಿನ್ ಎಂಬ ವಿಷವಾಗಿ ದಶಕಗಟ್ಟಲೆ ಕೂತಿರುತ್ತದೆ. ಮೊಗೆ (ಮಂಗಳೂರು ಸೌತೆ), ಸೌತೆ, ಕುಂಬಳದ ಬೇರು ಇಂಥದ್ದನ್ನು ಹೀರಿ ಕಾಯಿಗೇ ಸಾಗಿಸುತ್ತದೆ. ತೊಳೆದರೂ ಸಿಪ್ಪೆ ಹೆರೆದರೂ ಪೂರ್ತಿ ಹೋಗದು. ಅಂಥ ಗೋಡೆ ಬುಡದಲ್ಲಿ ಬದನೆ, ಬೆಂಡೆ ಹಾಕಿ. ಆ ಕಾಯಿಗಳಿಗೆ ಏರುವುದು ಬಹಳ ಕಡಿಮೆ. ಮೊಗೆ ಬೇಕೇಬೇಕೆಂದರೆ ಹೊಸ ಮಣ್ಣಿನ ಚೀಲವೇ ಸೈ.

ಇದರ ಮೇಲೆ ನಮ್ಮ ಹೊಯ್ಗೆ (ಮರಳು) ಮಣ್ಣಿನ ತೊಂದರೆ ಬೇರೆ. ವಿಷವನ್ನು ಹಿಡಿದಿಡುವ ಸಾವಯವ ಅಂಶವೇ ಅದರಲ್ಲಿ ಕಮ್ಮಿ. 10 ಚದರಡಿಗೆ ಎರಡು ಬುಟ್ಟಿ ಹಳತಾದ ಗೊಬ್ಬರ, ಅರ್ಧ ಬುಟ್ಟಿ ಇದ್ದಿಲ ಪುಡಿ ಹಾಕಿ ಗೇಣುದ್ದ ಆಳಕ್ಕೆ ಬೆರೆಸಿ.

ಇದ್ದಿಲು ಕಟ್ಟಿಗೆಯದ್ದೇ ಇರಲಿ. ಹರಿವೆಗೆ ಎರಚುವ ಬೂದಿಯಲ್ಲಿ ಪೈಪು ಕರಗಿದ ಕರಿ ಉಂಡೆ ಕಂಡರೆ ಆ ಬೂದಿ ತೋಟಕ್ಕೆ ಬೇಡ: ಪೈಪಿನ ಪಿವಿಸಿ ಪ್ಲಾಸ್ಟಿಕ್ ಸುಟ್ಟಲ್ಲಿ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ.